ಅಪ್ಪನ ಹಲ್ಲು, ಹೈದರಾಬಾದಿನ ಇಲಿ

ಹೈದರಾಬಾದ್, ಬುಧವಾರ

ಕೊತ್ತತ್ತಿ ಅಕ್ಕನಿಗೆ ತಮ್ಮ ಬೋರಲಿಂಗುವಿನ ನಮಸ್ಕಾರ. ನಿನ್ನ ಮಗಳು ರಂಜಿತ, ನನ್ನ ಮಗ ಯೋಗೇಶನ ಮದುವೆಯ ಎಲೆಅಡಿಕೆ ಶಾಸ್ತ್ರಕ್ಕೆ ಮುಂಚೆ ಇದನ್ನು ಓದು. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಕಾರ್ಡು.

ನಮ್ಮ ಸೋಮನಹಳ್ಳಿ ಶೆಡ್ಡಿನಲ್ಲಿ ಮಾಡಿದ ಪಂಜರಗಳನ್ನು ಜೋಡಿಸಲು ನಾವು ಬಂದ ಈ ಪ್ರಯೋಗಾಲಯದಲ್ಲಿ ಇಲಿಗಳ ಹಲ್ಲು ಸೀಮೆಸುಣ್ಣದ ಹಾಗೆ ಉದುರುತ್ತದೆ. ದವಡೆ ಮೂಳೆಯೂ ಮೆತ್ತಗೆ. ಕಾಳು ಕಡಿಯಲಾಗದೆ ಕಲಸಿದ ಹಿಟ್ಟು ತಿನ್ನುತ್ತವೆ. ನಮ್ಮ ವೆಲ್ಡರ್ ತಮೀಮ್, "ಇವುಕ್ಕೆ ಮುದ್ದೆ ನುಂಗೋದು ಕಲಿಸ್ಬುಡಣ್ಣ, ಅಗಿಯೋ ತಾಪತ್ರಯನೇ ಇರಕಿಲ್ಲ" ಅಂದ. ನನಗೆ ಅಪ್ಪ ನೆನಪಾದರು. ಮೂವತ್ತಕ್ಕೇ ಬೊಚ್ಚುಬಾಯಿ. ನಾವು ತಪ್ಪನ್ನೆಲ್ಲ ಅವರು ಅಗಿಯುತ್ತಿದ್ದ ಕಬ್ಬಿನ ಮೇಲೆ ಹೊರಿಸಿದೆವು.

ಇಲ್ಲಿನ ಮೇಡಂ ಹಿಂದಿಯಲ್ಲಿ ವಿವರಿಸಿದ್ದನ್ನು ತಮೀಮ್ ಕನ್ನಡಕ್ಕಿಳಿಸಿದ: "ಹಲ್ಲು ಗಟ್ಟಿ ಮಾಡೋ ಜೀನು ಕೆಟ್ಟೈತೆ ಕಣಣ್ಣ. ಅಪ್ಪ, ಅವ್ವ ಇಬ್ರ ಹಲ್ಲೂ ಚೆನ್ನಾಗೇ ಇರ್ತದೆ, ಕೆಟ್ಟದ್ದು ಒಳಗೆ ಅಡಗಿರ್ತದೆ. ಎಲ್ಡೂ ಕಡೆಯಿಂದ ಬಂತೋ, ಮರಿ ಕತೆ ಮುಗೀತು."

ಅಕ್ಕ, ಹುಡುಗ ಹುಡುಗಿ ಇಬ್ಬರೂ ಆ ಬೊಚ್ಚುಬಾಯಿಯ ಮೊಮ್ಮಕ್ಕಳೇ. ಶಾಸ್ತ್ರ ನಿಲ್ಲಿಸು. ಪರೀಕ್ಷೆ ಮಾಡಿಸದೆ ಅಪ್ಪನದೂ ಇದೇ ದೋಷ ಎಂದು ಹೇಳಲಾಗದು ಎಂದರು ಮೇಡಂ. ಅದು ಅವರ ಎಚ್ಚರಿಕೆ, ಇದು ನನ್ನದು.

ಆರೋಗ್ಯ ಸರಿಯಿದೆ, ಇಲ್ಲಿನ ಖಾರಕ್ಕೆ ಹೊಟ್ಟೆ ಮಾತ್ರ ಉರಿಯುತ್ತಿದೆ. ಜಾಗ ಮುಗಿಯಿತು. ನಿಜ ಹೇಳುತ್ತೇನೆ, ಮಕ್ಕಳಿಬ್ಬರೂ ಯುಗಾದಿಯಲ್ಲೇ ಈ ಮದುವೆ ಬೇಡ ಅಂದಿದ್ದರು. ನಿನಗೆ ಹೇಳುವ ಧೈರ್ಯ ನನಗೆ ಇಲಿಗಳನ್ನು ಕಂಡ ಮೇಲೆ ಬಂತು.

ಬೋರಲಿಂಗು