ಎರಡು ಸಿಳ್ಳು

೧೮೭೪, ನವೆಂಬರ್ ೧೨, ಗುರುವಾರ.

ಉಗಿಹಡಗುಗಳ ಡಿಕ್ಕಿಯ ಮೊಕದ್ದಮೆ ಇಂದು ವಿಚಾರಣೆಗೆ ಬಂತು. ನದಿಯ ಮೊಕದ್ದಮೆಗಳಿಗೆ ಪಂಚರ ಮಂಡಳಿಯಿಲ್ಲ. ತೀರ್ಪಿನ ಹೊಣೆ ನನ್ನೊಬ್ಬನದೇ. ಎದುರಿನ ಹಡಗು ಒಂದು ಸಿಳ್ಳು ಹಾಕಿದರೆ ಬಲಕ್ಕೆ, ಎರಡು ಹಾಕಿದರೆ ಎಡಕ್ಕೆ ಸರಿಯಬೇಕೆಂಬುದು ಓಹಾಯೋ ನದಿಯ ಕಟ್ಟಳೆ. ಚುಕ್ಕಾಣಿಗ ಟ್ಯಾರಂಟ್ ಬಲಕ್ಕೆ ಸರಿದಿದ್ದ. ತಾವು ಹಾಕಿದ್ದು ಎರಡು ಸಿಳ್ಳು, ಅವನ ಕಿವಿ ಮಂದವೆಂದು ಎದುರು ಪಕ್ಷದ ವಾದ. ಅದು ಸಾಬೀತಾದರೆ ಅವನ ಪರವಾನಗಿ ಉಳಿಯದು.

“ನನ್ನ ಕಿವಿ ನೆಟ್ಟಗೈತೆ ಸ್ವಾಮಿ. ಅವ್ರು ಊದಿದ್ದೇ ಒಂದು,” ಎಂದ.

ಅಷ್ಟರಲ್ಲಿ ಎಲ್ಲರೂ ನದಿಯ ಕಡೆಯ ಕಿಟಕಿಗೆ ತಿರುಗಿದರು. ಏಕೆಂದು ನನಗೆ ತಿಳಿಯಲಿಲ್ಲ.

“ಈಗ್ಲೂ ನೋಡಿ, ಆ ಹಡಗು ಊದಿದ್ದು ಒಂದೇ. ಅಲ್ವಾ ಸ್ವಾಮಿ?” ಎಂದು ಟ್ಯಾರಂಟ್ ನನ್ನನ್ನು ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ.

“ಎರಡು ಕಣಯ್ಯಾ, ಎರಡು! ಸತ್ತೋರೂ ಎದ್ದು ಕೂರೋ ಹಾಗೆ ಊದಿದ್ರು,” ಎಂದು ಎದುರು ಪಕ್ಷದ ವಕೀಲ ಕ್ರ್ಯಾಂಡಲ್ ನಕ್ಕರು. ನನ್ನ ಮುಖ ಕಂಡೊಡನೆ ಆ ನಗು ನಿಂತಿತು. ಬೇರಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಊಟದ ಹೊತ್ತಿಗೆ ಹೆಂಡತಿ ಅಡೀಲಿಯಾಳಿಗೆ ನಡೆದದ್ದನ್ನು ಹೇಳಿದೆ. ನನ್ನ ಕಿವಿಯ ಬಳಿ ಬಾಗಿ, “ಎಪ್ಪತ್ತು ತುಂಬೋವರ್ಗೂ ತಡ್ಕೊಳ್ಳೀಂದ್ರೆ. ಆಮೇಲೆ ಮನೇಲಿ ಕೂತ್ರೂ ಸಂಬಳ ಬರತ್ತೆ. ಇನ್ನೆರಡು ವರ್ಷ ತಾನೆ?” ಎಂದಳು.

ಕಾನೂನು ಹಾಗೆಯೇ ಇದೆ. ಆದರೆ ಚುಕ್ಕಾಣಿ ಹಿಡಿದಿರಲು ಟ್ಯಾರಂಟನಿಗೆ ಆ ಎರಡು ವರ್ಷವನ್ನು ನಾನು ಕೊಡಲಾರೆ. ಅವನ ಕಿವಿ ಮಂದವೆಂದು ನಾಳೆ ತೀರ್ಪು ಬರೆಯುತ್ತೇನೆ. ಆ ಮಸಿ ಆರುವ ಮೊದಲೇ ರಾಜೀನಾಮೆಯನ್ನೂ ಬರೆಯಬೇಕು.

ಅಡೀಲಿಯಾ ಬಾಗಿಲಲ್ಲಿ ನಿಂತು ಏನೋ ಹೇಳುತ್ತಿದ್ದಾಳೆ. ದೀಪ ಆರಿಸಿ ಎಂದಿರಬೇಕು.