ಮೂರನೇ ವ್ಯೂ ಪಾಯಿಂಟ್

ಆಗಸ್ಟ್ 3, ಬೆಳಿಗ್ಗೆ 8
ಟಿಕೆಟ್ ಕೌಂಟರ್ ತೆರೆದೆ. ಮಂಜು ಕರಗಿಲ್ಲ, ಜಲಪಾತದ ಸದ್ದು ಮಾತ್ರ. ನಮ್ಮ ಯಜಮಾನರು ಗೈಡ್ ಜಾಕೆಟ್ ತೊಟ್ಟು ಮೊದಲ ತಂಡದ ಜೊತೆ ಹೊರಟರು. ಮೂರನೇ ವ್ಯೂ ಪಾಯಿಂಟಿನ ಕಂಬಿ ಅಲುಗಾಡುತ್ತಿದೆ. ಮೇಲ್ವಿಚಾರಕರಿಗೆ ಮತ್ತೆ ಬರೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಸಂಜೆ
ಮಧ್ಯಾಹ್ನ ಫೋಟೋಗೆ ನಿಂತ ಹೆಂಗಸು ಕಂಬಿ ಸಮೇತ ಜಾರಿದಳು. ಕೆಳಗೆ ಚಾಚಿಕೊಂಡಿದ್ದ ಬಂಡೆಯ ಮೇಲೆ ಸಿಕ್ಕಿಕೊಂಡಳು. ರಕ್ಷಣಾ ತಂಡ ಬರಲು ಎರಡು ಗಂಟೆ ಬೇಕಂತೆ. ವಾಕಿಟಾಕಿಯಲ್ಲಿ ಇವರು ಕೇಳಿದರು, "ಹಗ್ಗ ಇದೆ. ಇಳೀಲಾ?"
"ಇಳೀರಿ. ಅವಳು ಕಿರುಚೋದು ಇಲ್ಲಿಗೂ ಕೇಳ್ತಿದೆ."
ಹಾಗೆಂದವಳು ನಾನೇ.
ಅವಳನ್ನು ಮೇಲೆ ಹತ್ತಿಸಿದರಂತೆ. ಆಮೇಲೆ ಇವರು ನಿಂತಿದ್ದ ಬಂಡೆ ಕುಸಿಯಿತಂತೆ.

ಆಗಸ್ಟ್ 5
ಇವರು ಸಿಕ್ಕಿಲ್ಲ. ಮುಳುಗುಗಾರ ಹೇಳಿದ, "ಅಕ್ಕ, ನೀರು ಇಳಿಯೋ ತನಕ ಏನೂ ಮಾಡಕ್ಕಾಗಲ್ಲ."
ಮಗಳು: "ಅಪ್ಪಂಗೆ ಈಜು ಬರುತ್ತಲ್ವಾ?"
ಬರುತ್ತೆ ಎಂದೆ.

ಆಗಸ್ಟ್ 16
ಹುಡುಕಾಟ ನಿಲ್ಲಿಸಿದರು.

ಆಗಸ್ಟ್ 29
ಮೇಲ್ವಿಚಾರಕರು ಮನೆಗೇ ಬಂದರು. ಕೈಯಲ್ಲಿ ನನ್ನ ಹೆಸರಲ್ಲಿ ಟೈಪ್ ಮಾಡಿದ ಹೇಳಿಕೆ. 'ಕಂಬಿ ಸುಸ್ಥಿತಿಯಲ್ಲಿತ್ತು. ಗೈಡ್ ಯಾರ ಸೂಚನೆಯೂ ಇಲ್ಲದೆ ಸ್ವಂತ ಇಚ್ಛೆಯಿಂದ ಇಳಿದರು.'
"ಸೈನ್ ಹಾಕಮ್ಮ. ಇಳೀರಿ ಅಂದಿದ್ದು ಯಾರು ಅಂತ ವಾಕಿಟಾಕೀಲಿ ನಾನೂ ಕೇಳಿದೀನಿ. ಕೆದಕಿದ್ರೆ ಇಬ್ರಿಗೂ ಕಷ್ಟ. ಮಗಳಿಗೂ ಗೊತ್ತಾಗುತ್ತೆ."
ಕಾಗದ ಟೇಬಲ್ ಮೇಲೆ ಬಿಟ್ಟುಹೋದರು.

ಸೆಪ್ಟೆಂಬರ್ 14
ಸಹಿ ಹಾಕಿದೆ.

ಅಕ್ಟೋಬರ್ 6, ಸಂಜೆ 4:40
ವ್ಯೂ ಪಾಯಿಂಟ್ ಮತ್ತೆ ತೆರೆಯಿತು. ಹೊಸ ಕಂಬಿ, ಪೇಂಟ್ ವಾಸನೆ ಆರಿಲ್ಲ. ಒಳ್ಳೆ ಬಿಸಿಲು, ಜಲಪಾತದ ಬುಡದಲ್ಲಿ ಕಾಮನಬಿಲ್ಲು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನನಗೆ ಅತ್ತ ಕಣ್ಣೆತ್ತಲೂ ಆಗುವುದಿಲ್ಲ.
ಲೈನಿನಲ್ಲಿ ಅವಳೂ ನಿಂತಿದ್ದಳು — ಬದುಕುಳಿದವಳು. ಒಂದು ಕೈಗೆ ಇನ್ನೂ ಪಟ್ಟಿ.
"ನಿಮ್ಮನ್ನೇ ನೋಡೋಕೆ ಬಂದೆ. ಕಂಬಿ ಮುಟ್ಟಿದ ತಕ್ಷಣ ಕಿತ್ತು ಬಂತು. ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ನೀವೂ ಬರ್ತೀರಾ?"
ಸಹಿ ಹಾಕಿದ ವಿಷಯ ಮುಚ್ಚಿಟ್ಟೆ. "ಸ್ವಲ್ಪ ಪಕ್ಕಕ್ಕೆ ಬನ್ನಿ, ಲೈನ್ ಬೆಳೀತಿದೆ" ಎಂದೆ.
ಲೈನ್ ಬಿಡುವ ಮುಂಚೆ ಅವಳು ಮೆಲ್ಲಗೆ ಕೇಳಿದಳು, "ಅವತ್ತು ವಾಕಿಟಾಕೀಲಿ 'ಇಳೀರಿ' ಅಂದಿದ್ದು ಕೇಳಿಸ್ತು. ಅದು ನೀವೇ ಅಲ್ವಾ? ನಿಮ್ಮ ಋಣ ಹೇಗೆ ತೀರಿಸಲಿ?"
ಹೋಗಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ನನಗಾಗಿ ಕಾಯುತ್ತ. ಮಗಳು ಶಾಲೆಯಿಂದ ನೇರ ಇಲ್ಲಿಗೇ ಬಂದಳು. ಅವಳ ಪಕ್ಕ ಕೂತು ಏನೋ ಕೇಳುತ್ತಿದ್ದಾಳೆ. ಆ ಹೆಂಗಸು ನನ್ನ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಾಳೆ. ತುಟಿ ಅಲುಗಿದ್ದು ಇಲ್ಲಿಗೂ ಕಾಣುತ್ತಿದೆ: 'ಇಳೀರಿ'.