ಕೋವಿಯ ಎತ್ತರದ ಬಳೆಗಳು

ಪ್ರೀತಿಯ ಐಮೊ,

ನಿನ್ನ ಕೋವಿಯ ಬಳೆಗಳನ್ನು ಬದಲಾಯಿಸಿಬಿಟ್ಟೆ. ಇದನ್ನು ನಾನೇ ನಿನಗೆ ಹೇಳಬೇಕು ಅನ್ನಿಸಿತು. ನಿನ್ನ ಗೋರಿಯ ಹತ್ತಿರ ನಿಂತು ಹೇಳೋಣವೆಂದರೆ ಪಕ್ಕದಲ್ಲೇ ನಿನ್ನ ಅಮ್ಮ ಮಲಗಿದ್ದಾಳೆ, ಅವಳ ಕಿವಿ ಬದುಕಿದ್ದಾಗಲೇ ಬಲು ಚುರುಕು. ಹಾಗಾಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ನೀನಿಲ್ಲದ ಎರಡನೆಯ ಶರತ್ಕಾಲ ಇದು. ಮೊದಲನೆಯದರಲ್ಲಿ ದೊಡ್ಡ ಕೊಂಬಿನ ಮೂಸ್‌ಗಳ ಬೇಟೆಗೆ ಹೊರಟ ತಂಡದ ಗಾಡಿಗಳು ನಮ್ಮ ಮನೆ ಮುಂದೆ ಹಾದುಹೋಗುವುದನ್ನು ಕಿಟಕಿಯಿಂದ ನೋಡಿದೆ, ಅಷ್ಟೆ. ಮೂವತ್ತು ವರ್ಷ ನಾಯಿ ಹಿಡಿದುಕೊಂಡು ಜೌಗಿನಲ್ಲಿ ಕೂಗುತ್ತಾ ಮೂಸ್‌ಗಳನ್ನು ಅಟ್ಟಿದವಳು ನಾನು. ಈಗ ಮೊಣಕಾಲು ಆ ಜೌಗಿಗೆ ಇಳಿಯಲು ಒಪ್ಪುವುದಿಲ್ಲ. ತಂಡದಲ್ಲಿ ಉಳಿಯಬೇಕೆಂದರೆ ಕೋವಿ ಹಿಡಿದು ಒಂದು ಕಡೆ ಕಾಯುವವಳಾಗಬೇಕು, ಅದಕ್ಕೆ ಗುರಿ ಪರೀಕ್ಷೆಯಲ್ಲಿ ಗೆಲ್ಲಬೇಕು. ಗೆಲ್ಲದಿದ್ದರೆ ಹಿಮ ಕರಗುವವರೆಗೂ ನನ್ನ ಜೊತೆಗೆ ರೇಡಿಯೋ ಒಂದೇ, ಅದೋ ನಾನು ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ. ಮಾಂಸದ ಪಾಲಿನ ಆಸೆಗಲ್ಲ ಐಮೊ. ನನಗೆ ಬೇಕಾಗಿದ್ದು ಬೇಟೆಯ ಗುಡಿಸಲಿನಲ್ಲಿ ಒಲೆಯ ಸುತ್ತ ಒಣಗುವ ಬಟ್ಟೆಗಳ ವಾಸನೆ, ಬಟಾಣಿ ಸಾರು, ಒಬ್ಬರನ್ನೊಬ್ಬರು ಕೆಣಕುವ ಮಾತು. ಈ ಮನೆಯಲ್ಲಿ ಚಮಚ ಇಟ್ಟರೂ ಸದ್ದಾಗುತ್ತದೆ.

ನಿನ್ನ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ದುರ್ಬೀನನ್ನು ಕೋವಿಯ ಬೆನ್ನಿಗೆ ಕಚ್ಚಿ ಹಿಡಿದಿರುವ ಆ ಎರಡು ಉಕ್ಕಿನ ಬಳೆಗಳನ್ನು ಮಾತ್ರ ಮುಟ್ಟಲಿಲ್ಲ. ಕೊಕ್ಕರೆಯ ಕಾಲಿನ ಹಾಗೆ ಎತ್ತರದವು. ಅವನ್ನು ಹಾಕಿಸಿಕೊಂಡು ಬಂದ ದಿನ ಯಾಕಿಷ್ಟು ಎತ್ತರ ಎಂದು ನಾನು ಕೇಳಿದ್ದಕ್ಕೆ ನೀನು, ಗಾಜಿನ ಮೇಲೆ ಹಿಮ ಕೂತರೆ ಕೆಳಗಿನ ಕಿಂಡಿಯಿಂದ ನಳಿಗೆಯ ತುದಿಯ ಗುರಿಮಣಿಯನ್ನೇ ನೋಡಿ ಹೊಡೆಯಬಹುದು ಅಂದಿದ್ದೆ. ನಾನು ನಂಬಿದ್ದೆ. ನೀನು ಕೈಯಾರೆ ಆರಿಸಿ ತಂದದ್ದು ಹಾಗೇ ಇರಲಿ, ನಿನ್ನ ಕಣ್ಣು ನಿಲ್ಲುತ್ತಿದ್ದ ಎತ್ತರ ಆ ಕೋವಿಯಲ್ಲಾದರೂ ಉಳಿಯಲಿ ಎಂದು ನನ್ನ ಹುಚ್ಚು ಆಸೆ.

ಆಗಸ್ಟ್‌ನಲ್ಲಿ ಪರೀಕ್ಷೆಗೆ ಹೋದೆ. ಎಪ್ಪತ್ತೈದು ಮೀಟರ್ ಆಚೆ ಮೂಸ್‌ನ ಚಿತ್ರ, ನಾಲ್ಕೂ ಗುಂಡು ಊಟದ ತಟ್ಟೆಯಗಲದ ವೃತ್ತದೊಳಗೆ ಬೀಳಬೇಕು. ದುರ್ಬೀನಿನಲ್ಲಿ ಏನಾದರೂ ಕಾಣಬೇಕಾದರೆ ನಾನು ಕೆನ್ನೆಯನ್ನು ಮರದ ಹಿಡಿಯಿಂದ ಎತ್ತಿ, ಕತ್ತು ಉದ್ದ ಮಾಡಿ, ಪಕ್ಕದ ಮನೆಯ ಬೇಲಿಯೊಳಗೆ ಇಣುಕುವವಳ ಹಾಗೆ ನಿಲ್ಲಬೇಕಾಗಿತ್ತು. ಮೊದಲ ಗುಂಡು ಒಳಗೆ ಬಿತ್ತು. ಎರಡನೆಯದು ಮೂಸ್‌ನ ಹೊಟ್ಟೆಗೆ, ಮೂರನೆಯದು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ನಾಲ್ಕನೆಯದಕ್ಕೆ ಕೋವಿ ಒದ್ದಾಗ ದುರ್ಬೀನಿನ ಅಂಚು ಬಂದು ನನ್ನ ಹುಬ್ಬು ಸೀಳಿತು. ತಂಡದ ಮುಖಂಡ ಓಯ್ವ ಕರವಸ್ತ್ರ ಕೊಟ್ಟ. ರಕ್ತ ನಿಂತ ಮೇಲೆ ಅಂದ: "ಈ ಕೋವಿ ಇನ್ನೂ ಐಮೊನ ಕಣ್ಣನ್ನೇ ಹುಡುಕ್ತಾ ಇದೆ, ಲೆಂಪಿ. ನಿನ್ನ ಮುಖಕ್ಕೆ ಹೊಂದೋ ಬಳೆ ಹಾಕಿಸ್ಕೊಂಡು ಬಾ. ಇನ್ನೊಂದ್ಸಲ ಪರೀಕ್ಷೆ ಇದೆ, ಅದೇ ಈ ವರ್ಷದ ಕೊನೇದು."

ನನಗೆ ಎಷ್ಟು ಸಿಟ್ಟು ಬಂತೆಂದರೆ ಕರವಸ್ತ್ರವನ್ನು ತೊಳೆಯದೆ ಹಾಗೇ ಅವನ ಕೈಗೆ ತುರುಕಿ ಬಂದೆ. ಎರಡು ವಾರ ಕೋವಿಯನ್ನು ಕಪಾಟಿನಿಂದ ತೆಗೆಯಲಿಲ್ಲ. ಆಮೇಲೆ ಹುಬ್ಬಿನ ಗಾಯ ಒಣಗಿತು, ಸಿಟ್ಟೂ ಒಣಗಿತು, ಕುಹ್ಮೊ ಪೇಟೆಗೆ ಹೋಗುವ ಬಸ್ಸು ಹತ್ತಿದೆ.

ಕೋವಿ ಅಂಗಡಿಯ ಎನ್ಸಿಯೊ ನಿನಗೆ ಗೊತ್ತಲ್ಲ, ಮಾತಿಗಿಂತ ಮೂಗು ಒರೆಸಿಕೊಳ್ಳುವುದೇ ಜಾಸ್ತಿ. ಕೋವಿಯನ್ನು ಖಾಲಿ ಮಾಡಿ ತೋರಿಸಿ ನನ್ನ ಕೈಗೆ ಕೊಟ್ಟ. ಕಣ್ಣು ಮುಚ್ಚಿಕೋ, ಹೆಗಲಿಗೆ ತಗೋ, ಕೆನ್ನೆ ಎಲ್ಲಿ ಹಿತವಾಗಿ ಕೂರುತ್ತದೋ ಅಲ್ಲಿ ಕೂರಿಸು, ಈಗ ಕಣ್ಣು ಬಿಡು ಅಂದ. ಬಿಟ್ಟರೆ ಎದುರಿಗೆ ದುರ್ಬೀನೇ ಇಲ್ಲ, ಅದು ಹುಬ್ಬಿನ ಮೇಲೆಲ್ಲೋ ಇತ್ತು. ಬಳೆಯ ಕಿಂಡಿಯಿಂದ ಗೋಡೆಗೆ ತೂಗುಹಾಕಿದ್ದ ರಬ್ಬರ್ ಬೂಟುಗಳು ಕಂಡವು. ಇದನ್ನು ಬದಲಾಯಿಸದೆ ಬೇರೆ ದಾರಿ ಇಲ್ಲ ಎಂದ ಅವನು. ಹಿಮದ ದಿನಕ್ಕೆಂದು ನನ್ನ ಗಂಡ ಯೋಚಿಸಿ ಹಾಕಿಸಿದ್ದು ಇದು, ತೆಗೆಯಲು ಮನಸ್ಸಿಲ್ಲ ಎಂದು ನಾನು ಹಟ ಹಿಡಿದೆ. ಅವನು ಮೂಗು ಒರೆಸಿಕೊಂಡು, ಬೂಟುಗಳ ಕಡೆ ನೋಡುತ್ತಾ ಹೇಳಿದ:

"ಹಿಮಕ್ಕಲ್ಲ ಲೆಂಪಿ. ಅವನ ಕತ್ತು ಬಗ್ತಾ ಇರ್ಲಿಲ್ಲ. ಕೆನ್ನೆ ಮರಕ್ಕೆ ತಾಗ್ಸೋಕೇ ಆಗ್ತಿರ್ಲಿಲ್ಲ. ತಲೆ ನೆಟ್ಟಗಿಟ್ಕೊಂಡೇ ನೋಡೋ ಹಾಗಾಗ್ಲಿ ಅಂತ ಇರೋದ್ರಲ್ಲೇ ಎತ್ತರದ್ದು ಹಾಕಿಸ್ಕೊಂಡ. ನಿಂಗೆ ಗೊತ್ತಾದ್ರೆ ಬೇಟೆ ಬಿಡಿಸ್ತೀಯ ಅಂತ, ಹೇಳ್ಬೇಡ ಅಂದಿದ್ದ."

ಐಮೊ, ನಾನು ಅಲ್ಲೇ ತೋಟಾಗಳ ಪೆಟ್ಟಿಗೆಯ ಮೇಲೆ ಕೂತೆ. ಕಾಡಿನಲ್ಲಿ ನೀನು ಕಡಿದ ಮರ ನಿನ್ನ ಕಡೆಗೇ ತಿರುಗಿ ಬಿದ್ದ ಆ ಚಳಿಗಾಲ ನೆನಪಾಯಿತು. ಅಂದು ಮನೆಗೆ ಬಂದವನು ಟೋಪಿ ಹೋಯಿತು, ಅಷ್ಟೆ ಅಂದಿದ್ದೆ. ಎರಡು ಬಟ್ಟಲು ಸಾರು ಕುಡಿದಿದ್ದೆ. ಆಮೇಲೆ ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದೆಯಲ್ಲ, ಪಾದ್ರಿಯ ಗತ್ತು ಬಂದಿದೆ ನಿನಗೆ ಎಂದು ನಾನು ರೇಗಿಸುತ್ತಿದ್ದೆ. ನೀನೂ ನಗುತ್ತಿದ್ದೆ. ಸೌನಾದ ಹಬೆಮನೆಯಲ್ಲಿ ಮೇಲಿನ ಹಲಗೆ ಬಿಟ್ಟು ಕೆಳಗೆ ಕೂರತೊಡಗಿದಾಗ ವಯಸ್ಸಾಯಿತು ಅಂದುಕೊಂಡೆ. ಮೇಲಿನ ಹಲಗೆಯಲ್ಲಿ ಸೂರಿಗೆ ತಲೆ ತಾಗದಂತೆ ಬಗ್ಗಬೇಕಲ್ಲ, ಅದಕ್ಕೆ.

ನಿನ್ನ ಮೇಲೆ ನನಗೆ ಬಂದ ಸಿಟ್ಟನ್ನು ವಾಪಸ್ ಬರುವ ಬಸ್ಸಿನಲ್ಲಿದ್ದವರೆಲ್ಲ ನೋಡಿರಬೇಕು. ನನ್ನ ದಿಂಬಿನ ಪಕ್ಕದ ದಿಂಬಿನಲ್ಲಿದ್ದ ಕತ್ತಿನ ನೋವು ಅಂಗಡಿಯವನಿಗೆ ಗೊತ್ತು, ನನಗೆ ಗೊತ್ತಿಲ್ಲ! ಬೇಟೆ ಬಿಡಿಸುತ್ತಿದ್ದೆನೇ? ಬಿಡಿಸುತ್ತಿದ್ದೆನೋ ಏನೋ. ಜಗಳವಾಡುತ್ತಿದ್ದೆವು. ಆದರೆ ರಾತ್ರಿ ಎಣ್ಣೆ ಬಿಸಿ ಮಾಡಿ ಹಚ್ಚುತ್ತಿದ್ದೆ. ನೀನು ಹೋದ ಮೇಲೆ ನಾನು ಒಂಟಿಯಾದೆ, ಅದು ಸರಿ. ನೀನು ನಾನಿರುವಾಗಲೇ ಒಂಟಿಯಾಗಿದ್ದೆಯಲ್ಲ, ಅದನ್ನು ಹೇಗೆ ಸಹಿಸಲಿ?

ಬಸ್ಸು ಹತ್ತುವ ಮೊದಲು, ಅಂಗಡಿಯಲ್ಲಿ, ಬಳೆ ಬಿಚ್ಚುವುದೂ ಸುಲಭವಾಗಲಿಲ್ಲ. ನಿನ್ನ ಕೋವಿಯ ಬೆನ್ನಿನ ಹಳಿ ಒಂದು ತುದಿಗೆ ಕಿರಿದಾಗುತ್ತಾ ಹೋಗುತ್ತದೆ, ಗುಂಡು ಹಾರಿದಷ್ಟೂ ಬಳೆ ಅದರ ಮೇಲೆ ಬಿಗಿಯುತ್ತದೆ. ತಿರುಪು ಕಳಚಿದ ಮೇಲೂ ಅವು ಜಗ್ಗಲಿಲ್ಲ. ಎನ್ಸಿಯೊ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಸಡಿಲಿಸಿದ. ತೀರಾ ತಗ್ಗಿನ ಬಳೆಗಳು ನನ್ನ ಕಣ್ಣಿಗೆ ಹಿತವಾಗಿದ್ದವು, ಆದರೆ ತೋಟಾ ತುಂಬಲು ಬೋಲ್ಟ್ ಎತ್ತಿದಾಗಲೆಲ್ಲ ಅದರ ಹಿಡಿಕೆ ದುರ್ಬೀನಿಗೆ ತಾಗುತ್ತಿತ್ತು, ಕೈಗವಸು ಹಾಕಿದರಂತೂ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನವು ಕೂತವು. ದುರ್ಬೀನಿನ ಮುಂದಿನ ಅಗಲ ಬಾಯಿಗೂ ನಳಿಗೆಗೂ ನಡುವೆ ಅವನು ಕಾಗದದ ಚೂರು ಎಳೆದು ನೋಡಿದ, ಎಲ್ಲೂ ತಡೆಯಲಿಲ್ಲ. ಈಗ ಕಿಂಡಿ ಇಲ್ಲ, ಗುರಿಮಣಿ ಕಾಣುವುದಿಲ್ಲ. ಕೆನ್ನೆ ಮರಕ್ಕೆ ಒತ್ತಿ ಕಣ್ಣು ಬಿಟ್ಟೆ. ಎಲ್ಲವೂ ನೇರ ಎದುರಿಗಿತ್ತು. ಆಗ ಅಂಗಡಿಯಲ್ಲೇ ಅತ್ತುಬಿಟ್ಟೆ.

ಕೊನೆಯ ಪರೀಕ್ಷೆಯಲ್ಲಿ ನಾಲ್ಕೂ ಒಳಗೆ ಬಿದ್ದವು. ಓಯ್ವ ಕೈ ಕುಲುಕಿ, ಗಾಳಿ ಇರಲಿಲ್ಲ ನೋಡು ಅಂದ. ಅವನ ಬಾಯಲ್ಲಿ ಅದೇ ಹೊಗಳಿಕೆ.

ಮೊನ್ನೆ ಶನಿವಾರ ಮೊದಲ ಬೇಟೆ. ಕಡಿದ ಮರಗಳ ಬಯಲಿನ ಅಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆ. ಒಂದು ನರಿ ಬಂತು, ನನ್ನನ್ನು ನೋಡಿ ಬೇಸರಪಟ್ಟುಕೊಂಡು ಹೋಯಿತು. ಮೂಸ್ ಬಿದ್ದದ್ದು ಕೆರೆಯಾಚೆ. ಗುಡಿಸಲಿನಲ್ಲಿ ಎಲ್ಲರೂ ನನ್ನ ಹುಬ್ಬಿನ ಕಲೆಯನ್ನು ಆಡಿಕೊಂಡರು, ನಾನೂ ಬಿಡಲಿಲ್ಲ. ಎಷ್ಟೋ ತಿಂಗಳ ಮೇಲೆ ನನ್ನ ದನಿ ನನಗೇ ಪರಿಚಿತವಾಗಿ ಕೇಳಿಸಿತು. ಸಂಜೆಯಾಗುತ್ತಲೇ ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗಳಿಗೆ ಹೊರಟರು. ನಾನು ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ಒರೆಸಿದೆ. ಓಯ್ವ ಬಾಗಿಲಿಗೆ ಬೀಗ ಹಾಕುತ್ತಾ, ರಸ್ತೆಯಲ್ಲಿ ಮಂಜುಗಡ್ಡೆ ಕಟ್ಟಿದೆ, ಒಬ್ಬಳೇ ಹೋಗಬಲ್ಲೆಯಾ ಎಂದು ಕೇಳಿದ. ಹೋಗ್ತೀನಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ನೀನು ನೆನಪಾದೆ, ಟೋಪಿ ಹೋಯಿತು ಅಷ್ಟೆ ಎಂದು ಸಾರು ಕುಡಿಯುತ್ತಿದ್ದ ನೀನು.

"ರಸ್ತೆ ಕಷ್ಟ ಇಲ್ಲ ಓಯ್ವ. ಮನೆ ಬಾಗಿಲು ತೆಗೆಯೋದು ಕಷ್ಟ. ಒಳಗೆ ಯಾರೂ ಇರಲ್ಲ."

ಅವನು ಬೀಗದ ಕೈಯನ್ನು ಹಿಂದಕ್ಕೆ ತಿರುಗಿಸಿದ, ಒಳಗೆ ಹೋದ, ಒಲೆಗೆ ಎರಡು ಕೊರಡು ಇಟ್ಟು ಕಾಫಿಗೆ ನೀರಿಟ್ಟ.

ನೀನಿರುವ ಕಡೆ ನಿನ್ನ ಕತ್ತು ನೋವಿಲ್ಲದೆ ಎರಡೂ ಕಡೆಗೆ ತಿರುಗಲಿ. ತಿರುಗಿದಾಗ ಒಮ್ಮೆ ಈ ಕಡೆಯೂ ನೋಡು.

ನಿನ್ನವಳೇ ಆದ,
ಲೆಂಪಿ